ನೀರು ಬೀಳದ ಕಾಗದ

"ಏಯ್, ಕಾಲ್ ತಗೀ! ಜಗ್ಲಿ ಮ್ಯಾಕೆ ಅತ್ತೀಯಾ? ಬಿ.ಎ. ಓದ್ಬುಟ್ರೆ ಉಟ್ಟಿದ್ ಕೇರಿ ಮರ್ತೋಯ್ತದೇನೇ, ಮುಂಡೆ?"

ಇಟ್ಟ ಕಾಲನ್ನು ಹಿಂದಕ್ಕೆ ತೆಗೆದೆ. ನಮ್ಮೂರ ಅಂಚೆ ಕಚೇರಿ ಇದ್ದದ್ದು ಶಂಭುಲಿಂಗಪ್ಪನವರ ಜಗುಲಿಯಲ್ಲಿ. ಪೋಸ್ಟ್ ಮಾಸ್ಟರೂ ಅವರೇ. ಕೇರಿಯವರು ಕಾಗದವನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು ದೂರ ಸರಿಯಬೇಕು. ಅವರು ಚೊಂಬಿನಿಂದ ನೀರು ಚಿಮುಕಿಸಿ, ಆಮೇಲೆ ಎತ್ತಿ ಕೆಂಪು ಡಬ್ಬಕ್ಕೆ ಹಾಕುತ್ತಿದ್ದರು. ಯಾವಾಗಲೂ ಅಪ್ಪ ಹೋಗಿ ಇಟ್ಟು ಬರುತ್ತಿದ್ದ. ಅವತ್ತು ಮೊದಲ ಸಲ ನಾನು ಹೋಗಿದ್ದೆ.

ನೀಲಿ ಇನ್‌ಲ್ಯಾಂಡಿನ ಮೇಲೆ ಹನಿ ಬಿತ್ತು. ನಮ್ಮಣ್ಣ ಮಾದಣ್ಣನ ಹೆಸರು ಉಬ್ಬಿತು, ಹರಡಿತು, ಕೊಡಗಿನ ಎಸ್ಟೇಟಿನ ವಿಳಾಸವನ್ನೂ ಎಳೆದುಕೊಂಡು ಮೆಟ್ಟಿಲಿಗೆ ಇಳಿಯಿತು. ಅಣ್ಣನಿಗೆ ಓದು ಬಾರದು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಓದಿ ಹೇಳಲಿ ಅಂತ ಶಾಯಿಯಲ್ಲಿ ದಪ್ಪಕ್ಷರ ಬರೆಯುತ್ತಿದ್ದೆ. ಪಕ್ಕದ ಹುಲ್ಲಹಳ್ಳಿಗೆ ಎಸ್.ಟಿ.ಡಿ. ಬೂತ್ ಬಂದಿತ್ತು, ಅವನಿದ್ದ ಕೂಲಿಗಳ ಲೈನ್‌ಮನೆಗೆ ಫೋನೆಲ್ಲಿ?

"ಸಾ... ಅಡ್ರೆಸ್ ಅಳಿಸೋಯ್ತು." ಮೆಟ್ಟಿಲ ಕಡೆ ಬೆರಳು ತೋರಿಸಿದೆ.

"ಸರ್ಕಾರದ್ ಟಪಾಲು ಕಣಮ್ಮಿ, ಎಂಗೋ ಮುಟ್ತದೆ. ಓಗು."

ಆ ವಾರವೇ, ಅಣ್ಣನ ಜೊತೆ ಎಸ್ಟೇಟಿನಲ್ಲಿದ್ದ ಚಲುವಯ್ಯ ಅವನ ಬಟ್ಟೆಗಂಟು ತಂದು ಅವ್ವನ ಮುಂದಿಟ್ಟ. ಜ್ವರವಂತೆ. ಅಲ್ಲೇ ಮಣ್ಣು ಮಾಡಿದರಂತೆ.

"ಜ್ವರ್ದಲ್ಲೂ ಎದ್ದೋಗಿ ಗೇಟ್ತಾವ ಪೋಸ್ಟ್‌ನೋನ್ ದಾರಿ ಕಾಯ್ತಿದ್ದ ಕಣಕ್ಕ. ಒಂದ್ ಕಾಗ್ದ ಆಕ್ಬಾರ್ದಾಗಿತ್ತಾ? ಅವ್ವ ನನ್ ಮರ್ತ್‌ಬುಟ್ಳು ಅಂತ್ಲೇ ಸತ್ತೋದ."

ಅವ್ವ ಅಳಲಿಲ್ಲ. "ತಿಂಗ್‌ತಿಂಗ್ಳೂ ಆಕ್ಸಿವ್ನಲ್ಲೋ," ಅಂದಳು.

ಅಲ್ಲಿಂದಾಚೆ ಮುಚ್ಚಂಜೆಯಾದರೆ ಅವ್ವ ಹೊಸಿಲಲ್ಲಿ ಕೂತು ಕಿವಿಗೊಡುತ್ತಾಳೆ. "ಗೆಜ್ಜೆ ಸದ್ದು ಕಣವ್ವ. ನಿಮ್ ತಾತ ಬತ್ತಾವ್ನೆ." ಎಂದೋ ಸತ್ತ ತಾತ, ಹಿಂದೆ ಗೆಜ್ಜೆಕೋಲು ಹಿಡಿದು, ನಂಜನಗೂಡಿನಿಂದ ಟಪಾಲು ಚೀಲ ಹೊತ್ತು ಓಡಿ ಬರುತ್ತಿದ್ದವನು. "ಆ ಜಗ್ಲಿಯವ್ರ್ ಮನೆ ಕಾಗ್ದನೆಲ್ಲ ತಲ್ಮ್ಯಾಗೆ ಒತ್ತವ್ನೆ. ಆಗ ಯಾವ್ ನೀರ್ ಚಿಮುಕ್ಸಿದ್ರು, ಬೇವರ್ಸಿಗಳು?"

ನನಗೂ ಆ ಸದ್ದು ಕೇಳಿಸತೊಡಗಿದೆ. ಯಾರಿಗೂ ಹೇಳಿಲ್ಲ, ನನ್ನ ಡೈರಿಯಲ್ಲೂ ಬರೆದಿಲ್ಲ.

ಇವತ್ತು ಬೆಳಿಗ್ಗೆ ಅವ್ವ ಇನ್‌ಲ್ಯಾಂಡ್ ಮುಂದೆ ಹಿಡಿದಳು. "ಬರೀ. ಒಂದಾದ್ರೂ ಒಣಗಿದ್ದು ಓಗ್ಲಿ ನಿಮ್ಮಣ್ಣಂಗೆ."

ಬರೆದೆ. ಕೆಳಗಿನ ಮೆಟ್ಟಿಲು ದಾಟಿ ಜಗುಲಿ ಹತ್ತಿದೆ. ಡಬ್ಬದ ಬಾಯಿಗೆ ಕಾಗದ ಬಿಟ್ಟೆ.

"ಅಯ್ಯೋ, ಬೋಸುಡಿ!" ಶಂಭುಲಿಂಗಪ್ಪ ಚೊಂಬಿನ ನೀರನ್ನೆಲ್ಲ ನನ್ನ ಮೇಲೆ ಎರಚಿದರು. ಮೂಗಿನ ತುದಿಯಿಂದ ತೊಟ್ಟಿಕ್ಕತೊಡಗಿತು. ನಾನು ಡಬ್ಬದ ಕೆಳಗೆ ಗೋಡೆಗೊರಗಿ ಕೂತೆ.

"ಇಳೀತೀಯೋ ಇಲ್ವೋ?"

"ಟಪಾಲ್ ಚೀಲ ಬಸ್ ಅತ್ಲಿ. ಆಮೇಲೆ ಇಳೀತೀನಿ."

ಡಬ್ಬದ ಬೀಗದಕೈ ಅವರ ಸೊಂಟದಲ್ಲಿತ್ತು. ಅವರ ಕೈ ಅದರ ಮೇಲಿತ್ತು. ಹುಲ್ಲಹಳ್ಳಿ ಬಸ್ಸು ಇನ್ನೂ ಬಂದಿರಲಿಲ್ಲ.

ಕೇರಿ ಕಡೆಯಿಂದ ಗೆಜ್ಜೆ ಸದ್ದು ಕೇಳಿಸಿತು. ನಾನು ಅಲುಗಾಡಲಿಲ್ಲ.

ಶಂಭುಲಿಂಗಪ್ಪ ಕತ್ತು ತಿರುಗಿಸಿ ಆ ಕಡೆ ನೋಡಿದರು.