ಎಂಟರವರೆಗೆ ಸದ್ದು ಬೇಡ

"ಎಡಗೈ ಮೊದಲು," ಎಂದರು ನಮ್ಮ ಬಿಸಿನೀರ ಬುಗ್ಗೆಯ ವಸತಿಗೃಹದ ಒಡತಿ ಸಾವಾಕೊ. "ಎಳೀಬೇಡಿ. ಒಳಗಿಂದ ಹಿಡ್ಕೊಂಡು ತನ್ನಿ."

ಎಡಗೈ ಬರಲಿಲ್ಲ. ನಾನು ಅತಿಥಿಗಳು ಉಡುವ ಯುಕಾತಾ ನಿಲುವಂಗಿಯ ತೋಳಿನೊಳಗೆ ನನ್ನ ಕೈ ತೂರಿಸಿ, ಆಚೆ ಬದಿಯಿಂದ ಆ ಬೆರಳುಗಳನ್ನು ಹಿಡಿದು ಈಚೆಗೆ ತಂದೆ. ಇನ್ನೂ ಬೆಚ್ಚಗಿದ್ದವು. ನೀರಲ್ಲಿ ನೆನೆದು ಸುಕ್ಕಾಗಿದ್ದವು. ಸ್ನಾನದ ಮನೆಗಳನ್ನು ನೋಡಿಕೊಳ್ಳುವ ಇವಾಕಿಚಿ ತಾತ ಹಿಂದೆ ಕೂತು, ಸತ್ತ ತೋಗಾಶಿಯವರ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡಿದ್ದ. ಅವರ ಕೂದಲಿಂದ ಗಂಧಕದ ನೀರು ಇಳಿದು ಅವನ ಅಂಗಿ ಒದ್ದೆಯಾಗುತ್ತಿತ್ತು.

"ಕೂದಲು ಒರೆಸಿ. ಇವರ ಹೆಂಡತಿ ಇನ್ನೂ ಹೆಂಗಸರ ಸ್ನಾನದ ಮನೇಲಿದ್ದಾರೆ, ಏಳರವರೆಗೆ ಬರಲ್ಲ. ತೋಗಾಶಿಯವರು ಸ್ನಾನಕ್ಕೆ ಹೋಗಲೇ ಇಲ್ಲ. ಸುಸ್ತು ಅಂತ ಮಲಗಿದ್ರು, ಮಲಗಿದ ಕಡೆಯೇ ಹೋದ್ರು. ಗೊತ್ತಾಯ್ತಾ?"

"ನಾನು ನಿನ್ನೇನೇ ಬಡ್ಕೊಂಡೆ ಅಮ್ಮಾವ್ರೇ," ಎಂದ ಇವಾಕಿಚಿ. ಅವನ ಮೂಗು ಸೋರುತ್ತಿತ್ತು. "ರಾತ್ರಿ ಹಿಮ ಜೋರಾಗತ್ತೆ, ಐದಕ್ಕೆ ಎದ್ದು ಗಾಳಿಕಿಂಡಿ ಬಿಡಿಸ್ತೀನಿ ಅಂತ ಬಡ್ಕೊಂಡೆ."

"ಬಡ್ಕೊಳ್ಳೋದಿದ್ರೆ ಪಿಸುಮಾತಲ್ಲಿ ಬಡ್ಕೊಳ್ಳಿ. ಪಕ್ಕದ ಕೋಣೆಯವರು ಮಲಗಿದ್ದಾರೆ."

ನಮ್ಮಲ್ಲಿ ಬೆಳಗಿನ ಎಂಟರವರೆಗೆ ಸದ್ದು ಮಾಡುವಂತಿಲ್ಲ. ನಾವು ಹತ್ತಿಯ ಕಾಲುಚೀಲದಲ್ಲೇ ಓಡಾಡುತ್ತೇವೆ. ಅಡುಗೆಮನೆಯವರು ಕೂಡ ತಟ್ಟೆಗಳ ನಡುವೆ ಬಟ್ಟೆ ಇಟ್ಟು ಜೋಡಿಸುತ್ತಾರೆ. ಹೋದ ಚಳಿಗಾಲ ಒಬ್ಬ ಅತಿಥಿ, ಇಷ್ಟು ದುಬಾರಿ ಜಾಗದಲ್ಲಿ ಸಲಿಕೆ ಸದ್ದಿಗೆ ಎಚ್ಚರವಾಯಿತೆಂದು ಬರೆದು ಹೋದ. ಅಂದಿನಿಂದ ಇವಾಕಿಚಿಯ ಸಲಿಕೆಗೂ ಎಂಟರ ಕಟ್ಟಳೆ ಬಂತು. ಆದರೆ ನಮ್ಮ ನೀರಿಗೆ ಗಡಿಯಾರ ತಿಳಿಯದು. ಅದು ಹಗಲೂ ರಾತ್ರಿ ಗಂಧಕದ ಗಾಳಿ ಬಿಡುತ್ತಲೇ ಇರುತ್ತದೆ. ಬೆಟ್ಟದಂಚಿನ ಚಿಕ್ಕ ಸ್ನಾನದ ಮನೆಗೆ ಗೋಡೆಯ ಬುಡದಲ್ಲಿ ಒಂದೇ ಗಾಳಿಕಿಂಡಿ. ಅದು ಹಿಮದಲ್ಲಿ ಮುಚ್ಚಿದರೆ ವಿಷದ ಗಾಳಿ ನೀರಿನ ಮೇಲೇ ನಿಲ್ಲುತ್ತದೆ. ಆರೂವರೆಗೆ ನಾನು ಒಣ ಬಟ್ಟೆ ಒಯ್ದಾಗ ತೋಗಾಶಿಯವರು ತೊಟ್ಟಿಯ ಅಂಚಿಗೆ ಗಲ್ಲ ಇಟ್ಟು ನಿದ್ದೆ ಹೋದವರಂತಿದ್ದರು. ಉಸಿರು ಬಿಗಿಹಿಡಿದು ನಾನೂ ಇವಾಕಿಚಿಯೂ ಹೊರಗೆಳೆದೆವು. ಅವನು ಎದೆ ಒತ್ತಿದ. ಒತ್ತುತ್ತಲೇ ಇದ್ದ. ಮೂಗಿಗೆ ಹಿಡಿದ ನನ್ನ ಕೈಗನ್ನಡಿ ಮಸುಕಾಗಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಎಂದೆ. ಒಡತಿ, ಮೊದಲು ಕೋಣೆಗೆ ಎಂದರು.

ನಾನು ಸೊಂಟದ ಪಟ್ಟಿ ಕಟ್ಟಿದೆ. ಹಾಸಿಗೆಯ ಕಡೆಗೆ ಹೊರಳಿಸುವಾಗ ಒಡತಿ ಕೈ ಅಡ್ಡ ಮಾಡಿದರು.

"ಆ ಕಡೆ ಉತ್ತರ. ತಲೆ ಈ ಕಡೆ ಬರಲಿ. ಹೆಣ ಮಲಗಿಸಿದ ಹಾಗೆ ಕಾಣಬಾರದು."

ಎಲ್ಲವನ್ನೂ ನೋಡುವ ಕಣ್ಣು ಅವರದು. ಆದರೂ ಅವತ್ತು ಒಂದನ್ನು ನೋಡಲಿಲ್ಲ. ನಾನೂ ನೋಡಲಿಲ್ಲ.

ಏಳಕ್ಕೆ ತೋಗಾಶಿಯವರ ಹೆಂಡತಿ ನೊಬುಯೆ ಅಮ್ಮ ಬಂದರು. ಬಿಸಿನೀರಿಗೆ ಕೆಂಪಾದ ಮುಖ, ಹೆಗಲ ಮೇಲೆ ಚಿಕ್ಕ ಟವೆಲು. "ಏಳ್ರೀ ಕ್ಯಾಪ್ಟನ್ ಸಾಹೇಬ್ರೇ, ಹಡಗು ಬಿಡ್ತು," ಎನ್ನುತ್ತಲೇ ಒಳಗೆ ಬಂದರು. ಆಮೇಲೆ ಮೂಲೆಯಲ್ಲಿ ಕೂತಿದ್ದ ನನ್ನನ್ನು ನೋಡಿದರು, ಹಣೆ ನೆಲಕ್ಕೆ ಹಚ್ಚಿದ್ದ ಒಡತಿಯನ್ನು ನೋಡಿದರು.

ಹಿಂದಿನ ಸಂಜೆ ಅವರಿಗೆ ಊಟ ಬಡಿಸಿದ್ದು ನಾನೇ. ಸಕಾತಾ ಬಂದರಿನಿಂದ ದ್ವೀಪಕ್ಕೆ ಹೋಗುವ ದೋಣಿಯನ್ನು ಮೂವತ್ತೆಂಟು ವರ್ಷ ನಡೆಸಿದವರು ತೋಗಾಶಿ. "ಅಷ್ಟು ವರ್ಷ ನೀರಿನ ಮೇಲೆ ಕೂತೆ ತಾಯೀ. ಈಗ ನೀರೊಳಗೆ ಕೂತ್ಕೋ ಅಂತಾಳೆ ಇವಳು," ಎಂದು ನನಗೆ ದೂರು ಹೇಳಿದ್ದರು. ಏಡಿಯ ಕಾಲು ಮುರಿಯುತ್ತ, ಎದೆ ಯಾಕೋ ಭಾರ ಅಂದಿದ್ದರು. "ಭಾರ ಆಗಿರೋದು ಹೊಟ್ಟೆ. ಎರಡು ಏಡಿ ಒಬ್ಬರೇ ನುಂಗಿದ್ರೆ ಇನ್ನೇನಾಗತ್ತೆ?" ಎಂದು ಹೆಂಡತಿ ಅವರ ಬಟ್ಟಲಿಗೆ ಇನ್ನಷ್ಟು ಸಾಕೆ ಮದ್ಯ ಬಗ್ಗಿಸಿದ್ದರು. ಮೂವರೂ ನಕ್ಕಿದ್ದೆವು.

ಈಗ ಅದೇ ಮಾತು ಅವರ ಬಾಯಲ್ಲಿ ಬೇರೆಯಾಗಿ ಬಂತು.

"ಎದೆ ಭಾರ ಅಂದ್ರು. ನಾನು ಕೇಳಿಸ್ಕೊಳ್ಳಲಿಲ್ಲ. ಕುಡಿಸಿದೆ. ಬೆಳಗ್ಗೆ ಎಬ್ಬಿಸಿ ಸ್ನಾನಕ್ಕೆ ಹೋಗಿ ಅಂತ ದಬ್ಬಿದೆ."

"ಅವರು ಅರ್ಧ ದಾರಿಯಿಂದಲೇ ವಾಪಸ್ ಬಂದ್ರಂತೆ ಅಮ್ಮಾ," ಎಂದರು ಒಡತಿ. "ಇಗೋ, ಇಲ್ಲಿ ಕೂತಿರೋ ನಮ್ಮ ತೊಮಿಕೊ ಟೀ ತಂದಾಗ ಮಾತಾಡಿದ್ರಂತೆ. ಹೃದಯ ನೋಡಿ, ಯಾವಾಗ ಏನು ಅಂತ ಹೇಳೋಕಾಗಲ್ಲ."

ನೊಬುಯೆ ಅಮ್ಮ ನನ್ನ ಕಡೆ ತಿರುಗಿದರು. ನಾನು ತಲೆ ಬಗ್ಗಿಸಿದೆ. ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದ ಕುತ್ತಿಗೆ, ತಾನಾಗೇ ಬಗ್ಗಿತು. ಬಗ್ಗಿದ್ದನ್ನು ಅವರು ಹೌದು ಎಂದು ತಿಳಿದರು.

ಅವರು ಮೆಲ್ಲಗೆ ಹೊದಿಕೆ ಸರಿಸಿದರು. ಗಂಡನ ಎದೆಯ ಮೇಲೆ ಕೈಯಿಟ್ಟರು. ಕೈ ಅಲ್ಲೇ ನಿಂತಿತು.

"ಬಲ ಬದಿ ಮೇಲಿದೆ," ಎಂದರು.

ಆಗ ಕಂಡಿತು ನನಗೆ. ಬದುಕಿದ್ದವರು ಯುಕಾತಾ ಉಟ್ಟರೆ ಎದೆಯ ಮೇಲೆ ಎಡ ಬದಿ ಮೇಲೆ ಬರಬೇಕು. ಬಲ ಬದಿ ಮೇಲೆ ಬರುವುದು ಹೆಣಕ್ಕೆ. ದಿನಕ್ಕೆ ಹತ್ತು ಅತಿಥಿಗಳ ಯುಕಾತಾ ಸರಿಮಾಡಿ ಇದನ್ನೇ ಹೇಳುವವಳು ನಾನು. ಆದರೆ ಎರಡು ತಿಂಗಳ ಹಿಂದೆ ನನ್ನ ಅಮ್ಮನಿಗೆ ಕೊನೆಯ ಬಟ್ಟೆ ಉಡಿಸಿದ್ದೂ ಇದೇ ಕೈಗಳು. ಎದುರಿಗಿರುವುದು ಏನೆಂದು ಕೈಗಳಿಗೆ ಗೊತ್ತಿತ್ತು.

"ಇವರೇ ಹೀಗೆ ಉಟ್ಕೊಂಡಿದ್ದಾರೆ," ಎಂದರು ನೊಬುಯೆ ಅಮ್ಮ. ದನಿಯಲ್ಲಿ ಅಳು ಇರಲಿಲ್ಲ. "ಗೊತ್ತಾಗಿದೆ ಇವರಿಗೆ, ಹೋಗ್ತೀನಿ ಅಂತ. ನಿನಗೆ ತೊಂದ್ರೆ ಕೊಡಲ್ಲ ಅಂತಲೇ ಹೇಳ್ತಿದ್ರು ಯಾವಾಗ್ಲೂ. ಕೆಳಗೆ ನಾನು ಯಾರದೋ ಸೊಸೆ ಕಥೆ ಕೇಳ್ತಾ ನೀರಲ್ಲಿ ಕೂತಿದ್ದೆ. ಇಲ್ಲಿ ಇವರು ಒಬ್ಬರೇ ಎದ್ದು, ತಮ್ಮ ಸಾವಿಗೆ ತಾವೇ ಬಟ್ಟೆ ಉಟ್ಕೊಂಡು..."

ಅವರು ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು. ಒಂದಲ್ಲ, ನಾಲ್ಕು ಸಲ. ಕೈ ಹಿಡಿಯಲು ಎದ್ದವಳನ್ನು ಒಡತಿ ಕಣ್ಣಲ್ಲೇ ಹೊರಗೆ ಕರೆದರು.

ಕೋಣೆಗಳ ನಡುವಿನ ಓಣಿಯಲ್ಲಿ ಕಾಗದದ ಬಾಗಿಲು ಎಳೆದುಕೊಂಡು, ನನ್ನ ಕಿವಿಯ ಹತ್ತಿರ ಬಂದರು.

"ಎಂಥ ಕೈ ನಿಮ್ಮದು! ಹೋಗ್ಲಿ. ಆಕೆ ನಂಬಿದ್ದಾರೆ. ಆದ್ರೆ ಆಸ್ಪತ್ರೆ ಹೊರಗೆ ಸತ್ರೆ ಪೊಲೀಸ್ನೋರು ನೋಡ್ಲೇಬೇಕು. ಫೋನ್ ಮಾಡಾಯ್ತು, ಹಿಮ ತಳ್ಳೋ ಗಾಡಿ ಹಿಂದೇನೇ ಬರ್ತಿದ್ದಾರೆ. ಅವರು ನಂಬಲ್ಲ. ನಾನು ಆಕೆನ ಆಚೆ ಕೋಣೆಗೆ ಕರ್ಕೊಂಡು ಹೋಗಿ ಏನಾದ್ರೂ ಬಿಸಿ ಕುಡಿಸ್ತೀನಿ. ನೀವು ಒಳಗೆ ಹೋಗಿ ಬದಿ ಬದಲಾಯಿಸಿ. ಎಡ ಮೇಲೆ. ಎರಡು ನಿಮಿಷದ ಕೆಲಸ."

"ಆಕೆ ತಾನೇ ಕೊಂದೆ ಅಂದ್ಕೊಂಡಿದ್ದಾರೆ ಅಮ್ಮಾವ್ರೇ."

"ಅಂದ್ಕೊಳ್ಳೋದು ನಾಲ್ಕು ದಿನ. ಇದು ಹೊರಗೆ ಬಂದ್ರೆ ನಲವತ್ತು ಜನರ ಅನ್ನ ಹೋಗತ್ತೆ. ಗಾಳಿಕಿಂಡಿ ನೋಡ್ಕೋಬೇಕಾಗಿದ್ದ ಇವಾಕಿಚಿನ ಜೈಲಿಗೆ ಕಳಿಸ್ತೀರಾ, ಈ ವಯಸ್ಸಲ್ಲಿ?"

ನಾನು ತಿರುಗಿ ನೋಡಿದೆ. ಓಣಿಯ ತುದಿಯಲ್ಲಿ ಇವಾಕಿಚಿ ಸಲಿಕೆಯನ್ನು ಮಗುವಿನ ಹಾಗೆ ತಬ್ಬಿಕೊಂಡು ನಿಂತಿದ್ದ. ನನ್ನನ್ನು ನೋಡಿ ತಲೆ ಅಡ್ಡ ಆಡಿಸಿದ. ಹೇಳಬೇಡ ಎಂದೋ, ನನ್ನ ಚಿಂತೆ ಬಿಡು ಎಂದೋ, ಇವತ್ತಿಗೂ ಗೊತ್ತಿಲ್ಲ.

"ಮಾರ್ಚಿಗೆ ನಿಮ್ಮ ಕೆಲಸ ಮುಗಿಯತ್ತೆ," ಒಡತಿಯ ದನಿ ಮೆತ್ತಗಾಯಿತು. "ಎಲ್ಲಿಗೆ ಹೋಗ್ತೀರಿ? ನಿಮ್ಮ ಅಮ್ಮನ ಮನೇನ ಅಣ್ಣ ಮಾರಿಬಿಟ್ಟ. ನದಿ ಹತ್ರ ನಮ್ಮ ಅತ್ತೆ ಇದ್ದ ಮನೆ ಇದೆಯಲ್ಲ, ಬಿಸಿನೀರಿನ ತೊಟ್ಟಿ ಸಮೇತ. ಬದುಕಿರೋವರೆಗೆ ನಿಮಗೇ. ಹೋಗಿ, ಬೇಗ."

ಆ ಮನೆಯ ಕಿಟಕಿಯಿಂದ ನದಿ ಕಾಣುತ್ತದೆ. ನನಗೆ ಅದು ಗೊತ್ತು. ಒಡತಿಯ ಅತ್ತೆಯ ಕೊನೆಯ ವರ್ಷ ಅಲ್ಲಿ ಅವರ ಮೈ ತೊಳೆದದ್ದು ನಾನೇ. ಅಂಥ ಮನೆ ನನಗೆ ಬೇಕಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಾಗದದ ಬಾಗಿಲಿನ ಆಚೆ ಮತ್ತೆ ಹೊಡೆದುಕೊಳ್ಳುವ ಸದ್ದು. ಗೋಡೆ ಗಡಿಯಾರದಲ್ಲಿ ಏಳೂವರೆ. ಮೂವತ್ತೊಂದು ವರ್ಷದಲ್ಲಿ ಈ ಓಣಿಯಲ್ಲಿ ನಾನು ದನಿ ಎತ್ತಿದವಳಲ್ಲ. ಈಗ ಆ ಬಾಗಿಲ ಕಡೆ ಮುಖ ಮಾಡಿ, ಆಚೆಯವರಿಗೆ ಕೇಳಿಸುವ ಹಾಗೆ ಎತ್ತಿದೆ.

"ಬೇಡ. ಆ ಮನೆ ನನಗೆ ಬೇಡ. ತೋಗಾಶಿಯವರನ್ನ ಕೊಂದಿದ್ದು ಹಿಮದಲ್ಲಿ ಮುಚ್ಚಿದ ಗಾಳಿಕಿಂಡಿ, ಹೃದಯ ಅಲ್ಲ. ನೀರಿಂದ ಎತ್ತಿ ತಂದು ಅವರಿಗೆ ಬಟ್ಟೆ ಉಡಿಸಿದ್ದು ನಾನು. ನಾನು ಅದನ್ನ ಬದಲಾಯಿಸಲ್ಲ."