ಜಯಮ್ಮನ ಕೈಗೆ ಸರಿಹೊಂದುವ ಗ್ಲೌಸ್

ಜಯಮ್ಮ ಮೈಸೂರಿನಿಂದ ಟೋಕಿಯೋಗೆ ಬಂದದ್ದು ಮೂರು ತಿಂಗಳ ಮಟ್ಟಿಗೆ. ಮಗಳು ವಸುಂಧರಾ ಆಗಷ್ಟೇ ಇಚಿಕಾವಾದ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅಳಿಯ ಗಿರಿಧರ್ ಬೆಳಿಗ್ಗೆ ಮಿನಾಟೋ ಕಡೆಯ ರೈಲು ಹತ್ತಿದರೆ ಮತ್ತೆ ಮನೆಯವರ ಕಣ್ಣಿಗೆ ಬೀಳುತ್ತಿದ್ದದ್ದು ರಾತ್ರಿ ಊಟದ ಹೊತ್ತಿಗೆ. ಒಂಬತ್ತು ವರ್ಷದ ಹರ್ಷಿಣಿ ಸ್ಕೂಲಿಂದ ಬಂದಾಗ ಮನೆಯಲ್ಲಿ ಯಾರಾದರೂ ಇರಲಿ ಎಂದು ವಸುಂಧರಾಳೇ ಅಮ್ಮನನ್ನು ಕರೆಸಿಕೊಂಡಿದ್ದಳು.

ಎಡೋಗಾವಾದ ಆ ಅಪಾರ್ಟ್‌ಮೆಂಟಿನಲ್ಲಿ ಒಂದು ಓವನ್ ಇತ್ತು. ಅದರಲ್ಲಿ ಹಾಲು ಬಿಸಿ ಮಾಡುವುದು ಬಿಟ್ಟರೆ ಬೇರೇನೂ ನಡೆಯುತ್ತಿರಲಿಲ್ಲ. ಬಂದ ಎರಡನೇ ವಾರಕ್ಕೆ ಜಯಮ್ಮ ಅದನ್ನು ವಶಪಡಿಸಿಕೊಂಡರು. ಚಿಕ್ಕಂದಿನಲ್ಲಿ ಅವರ ಮನೆಯಿದ್ದದ್ದು ಒಂದು ಬೇಕರಿಯ ಹಿಂದೆ. ಖಾರಾ ಬನ್ನಿಗೆ ಈರುಳ್ಳಿ ಎಷ್ಟು, ಹಸಿಮೆಣಸಿನಕಾಯಿ ಎಷ್ಟು, ಹಿಟ್ಟು ಎಷ್ಟು ಹೊತ್ತು ಉಬ್ಬಬೇಕು ಎಂಬುದೆಲ್ಲ ನೋಡಿ ನೋಡಿಯೇ ಗೊತ್ತಿತ್ತು. ಮಾಡಲು ಓವನ್ ಮಾತ್ರ ಅರವತ್ತೇಳು ವರ್ಷ ಸಿಕ್ಕಿರಲಿಲ್ಲ. ಈಗ ದಿನ ಬಿಟ್ಟು ದಿನ ಬನ್. ಹರ್ಷಿಣಿ ಬ್ಯಾಗ್ ಕೆಳಗಿಡುವ ಮುಂಚೆಯೇ ಒಂದನ್ನು ಬಾಯಿಗೆ ಹಾಕಿಕೊಂಡು, "ಅಜ್ಜಿ, ಓಯಿಶೀ," ಎನ್ನುವಳು. ಅದೊಂದು ಜಪಾನಿ ಮಾತು ಜಯಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನವೆಂಬರಿನ ಕೊನೆಯ ಗುರುವಾರ ವಸುಂಧರಾ ನಾಲ್ಕು ಗಂಟೆಗೆ ಮನೆಗೆ ಬಂದಳು. ಬನ್ ಆಗಲೇ ತಣ್ಣಗಾಗುತ್ತಿದ್ದವು. ಅಮ್ಮ ಕಾಫಿ ಲೋಟ ಮುಂದೆ ಹಿಡಿದಾಗ ಅವರ ಬಲಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳ ತುದಿ ಬೆಳ್ಳಗೆ ಊದಿಕೊಂಡಿದ್ದದ್ದು ಕಾಣಿಸಿತು. ಒಂದು ಗುಳ್ಳೆ ಆಗಲೇ ಒಡೆದು ಚರ್ಮ ಜೋತುಬಿದ್ದಿತ್ತು.

"ಅಮ್ಮ, ಇದೇನಿದು?"

"ಏನು?" ಜಯಮ್ಮ ಕೈ ತಿರುಗಿಸಿ ನೋಡಿಕೊಂಡರು. ಅವರೂ ಅದನ್ನು ನೋಡಿದ್ದು ಅದೇ ಮೊದಲು. "ಓ, ಟ್ರೇ ತೆಗೆಯೋವಾಗ ತಗುಲಿರ್ಬೇಕು."

"ತಗುಲಿರ್ಬೇಕು ಅಂದ್ರೆ? ಉರೀತಾ ಇಲ್ವಾ?"

"ಉರಿಯತ್ತೆ, ಉರಿಯತ್ತೆ. ಒಲೆ ಮುಂದೆ ನಿಲ್ಲೋರಿಗೆ ಇದೆಲ್ಲ ಇದ್ದಿದ್ದೇ."

ಟ್ರೇ ಹಿಡಿದ ಬಟ್ಟೆ ಕಟ್ಟೆಯ ಮೇಲೇ ಇತ್ತು. ವಸುಂಧರಾ ಮುಟ್ಟಿ ನೋಡಿದಳು, ಒದ್ದೆಯಾಗಿತ್ತು. ಒದ್ದೆ ಬಟ್ಟೆಯಲ್ಲಿ ಬಿಸಿ ಹಿಡಿಯುವುದೂ ಒಂದೇ, ಬರಿಗೈಯಲ್ಲಿ ಹಿಡಿಯುವುದೂ ಒಂದೇ. ಅಮ್ಮನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಈ ದೇಶಕ್ಕೆ ಬಂದು ಹನ್ನೊಂದು ವರ್ಷ. ಮನೆಯಲ್ಲಿ ಒಂದು ಜೊತೆ ಓವನ್ ಗ್ಲೌಸ್ ತಂದಿಡಲಿಲ್ಲವಲ್ಲ. ಮರುದಿನ ರೈಲಿನಲ್ಲಿ ಹೋಗುತ್ತಾ ಬರುತ್ತಾ ಅದನ್ನೇ ಓದಿದಳು. ಹತ್ತಿಯದು ಮೆತ್ತಗೆ, ಆದರೆ ನೆಂದರೆ ಕೆಲಸಕ್ಕೆ ಬಾರದು. ಸಿಲಿಕೋನಿನದು ಜಾರುವುದಿಲ್ಲ, ಆದರೆ ಬಿರುಸು. ಗಿಡ್ಡವಾದರೆ ಮಣಿಕಟ್ಟು ಸುಡುತ್ತದೆ. ಶನಿವಾರದ ಹೊತ್ತಿಗೆ ಏನು ಕೊಳ್ಳಬೇಕೆಂದು ಅವಳಿಗೆ ಹೆಚ್ಚುಕಡಿಮೆ ಗೊತ್ತಾಗಿತ್ತು.

ಸ್ಟೇಷನ್ ಪಕ್ಕದ ದೊಡ್ಡ ಅಂಗಡಿಯ ಮೂರನೇ ಮಹಡಿಯಲ್ಲಿ ಅಡುಗೆ ಸಾಮಾನು. ಒಂದು ಗೋಡೆಯ ತುಂಬ ಗ್ಲೌಸ್ ನೇತುಹಾಕಿದ್ದರು. ನಡುವಯಸ್ಸಿನ ಕೆಲಸದಾಕೆಯೊಬ್ಬಳು ತಲೆ ಬಾಗಿಸಿ ಬಂದು ಒಂದೊಂದನ್ನೇ ಇಳಿಸಿಕೊಟ್ಟಳು. ಜಯಮ್ಮನ ಕೈಯ ಬ್ಯಾಂಡೇಜ್ ನೋಡಿ "ಅಯ್ಯೋ" ಎನ್ನುವ ಹಾಗೆ ಏನೋ ಅಂದಳು. ಹಾಕಿ ನೋಡಲಿ ಎಂದು ಮಾದರಿಗಿಟ್ಟಿದ್ದ ಜೊತೆಗಳನ್ನೂ, ಹಿಡಿದು ನೋಡಲಿ ಎಂದು ಕಬ್ಬಿಣದ ಒಂದು ಬಾಣಲೆಯನ್ನೂ ತಂದಿಟ್ಟಳು. ಜಯಮ್ಮನಿಗೆ ಹಿಡಿಸಿದ್ದು ಐದು ಬೆರಳಿರುವ ಹೆಣಿಗೆಯ ಗ್ಲೌಸ್. ಅಂಗೈ ತುಂಬ ರಬ್ಬರಿನ ಚುಕ್ಕೆಗಳಿದ್ದವು.

"ಇದೇ ಇರ್ಲಿ ವಸು. ಬೆರಳು ಆಡಿಸಬಹುದು," ಎಂದು ಎರಡೂ ಕೈಗೆ ಹಾಕಿಕೊಂಡು ಬಾಣಲೆಯ ಹಿಡಿ ಹಿಡಿದರು.

"ಸರಿಯಾಗಿ ಕೂತಿದ್ಯಾ?"

"ಸರಿಯಾಗಿ ಕೂತಿದೆ."

ವಸುಂಧರಾ ನೋಡಿದಳು. ಅಮ್ಮನ ಎಡಗೈಯ ಗ್ಲೌಸಿನಲ್ಲಿ ಒಂದು ಬೆರಳು ಖಾಲಿ ಜೋತಾಡುತ್ತಿತ್ತು. ಅದರ ಪಕ್ಕದ್ದು ದಪ್ಪಗೆ ಬಿಗಿದುಕೊಂಡಿತ್ತು. ಎರಡು ಬೆರಳು ಒಂದೇ ತೂತಿಗೆ ಹೋಗಿದ್ದವು. ಜಯಮ್ಮ ಮಗಳ ಮುಖ ನೋಡುತ್ತಾ ಮತ್ತೊಮ್ಮೆ, "ಚೆನ್ನಾಗಿದೆ," ಎಂದರು.

ಸುಟ್ಟಿದ್ದು ಬಲಗೈ. ಎಡಗೈಗೆ ಏನೂ ಆಗಿರಲಿಲ್ಲ.

"ಅಮ್ಮ, ಗ್ಲೌಸ್ ತೆಗಿ. ಒಂದ್ನಿಮಿಷ ಕಣ್ಣು ಮುಚ್ಕೊ."

"ಅಂಗಡೀಲಿ ಏನೇ ಇದು?"

"ಮುಚ್ಕೊ ಅಮ್ಮ."

ವಸುಂಧರಾ ಅಮ್ಮನ ಎಡಗೈಯ ಕಿರುಬೆರಳ ತುದಿಯನ್ನು ಉಗುರಿನಿಂದ ಒತ್ತಿದಳು. "ಯಾವ ಬೆರಳು?"

ಜಯಮ್ಮ, "ಮಧ್ಯದ್ದು," ಎಂದರು. ಮಗಳು ಮಾತಾಡದಿದ್ದಾಗ, "ಅಲ್ವಾ? ಹಾಗಾದ್ರೆ ತೋರುಬೆರಳು," ಎಂದರು. ಅಷ್ಟರಲ್ಲಿ ಅವಳು ಬೆರಳು ಬಿಟ್ಟಿದ್ದಳು.

"ಯಾವಾಗಿಂದ?"

ಜಯಮ್ಮ ಕಣ್ಣು ತೆರೆದು ಬಾಣಲೆಯನ್ನು ನೋಡಿದರು. "ಎರಡು ವರ್ಷ ಆಗಿರ್ಬೇಕು. ಮೊದ್ಲು ಕಾಲಲ್ಲಿ ಶುರುವಾಯ್ತು. ಜೋಮು ಹಿಡಿದ ಹಾಗೆ. ಆಮೇಲೆ ಜೋಮೂ ಹೋಯ್ತು. ಶುಗರಿಂದ ಅಂದ್ರು ಡಾಕ್ಟ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕರೆಸ್ಕೊತಿದ್ಯಾ?"

ವಸುಂಧರಾ ಹೆಣಿಗೆಯ ಗ್ಲೌಸನ್ನು ಬಾಣಲೆಯ ಪಕ್ಕಕ್ಕಿಟ್ಟಳು. ಕೆಲಸದಾಕೆ ಎರಡು ಹೆಜ್ಜೆ ದೂರದಲ್ಲಿ ಕೈಕಟ್ಟಿ ಕಾಯುತ್ತಿದ್ದಳು. ಸ್ಪರ್ಶವೇ ಇಲ್ಲ ಎನ್ನಲು ಜಪಾನಿಯಲ್ಲಿ ಏನು ಹೇಳಬೇಕೋ ವಸುಂಧರಾಳಿಗೆ ತಿಳಿಯದು. ಆಫೀಸಿನಲ್ಲಿ ಅಂಥ ಮಾತು ಬರುವುದಿಲ್ಲ. "ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಶುರುಮಾಡಿ, ಅಮ್ಮನಿಗೆ ಬಿಸಿ ಗೊತ್ತಾಗುವುದಿಲ್ಲ ಎಂಬುದನ್ನು ತನಗೆ ಬಂದ ಹಾಗೆ ಹೇಳಿದಳು. ಆಕೆ ಅರ್ಥವಾಯಿತು ಎಂಬಂತೆ ತಲೆಯಾಡಿಸಿ ಸರಸರ ಹೋಗಿ, ಮೊಣಕೈವರೆಗೆ ಬರುವ ದಪ್ಪನೆಯ ಸಿಲಿಕೋನ್ ಜೊತೆಯೊಂದನ್ನು ಹುಡುಕಿ ತಂದಳು. ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾ ಬಿಡಿಸಿ ಬಿಡಿಸಿ ಹೇಳಿದಳು: ಇದು ಹಾಕಿಕೊಂಡರೆ ಬಿಸಿ ಎಂಬುದೇ ಗೊತ್ತಾಗುವುದಿಲ್ಲ.

"ಏನಂದ್ಲು?" ಎಂದು ಕೇಳಿದರು ಜಯಮ್ಮ.

"ಇದೇ ಒಳ್ಳೇದು ಅಂದ್ಲು."

ಅದನ್ನೇ ಕೊಂಡರು. ಅದರಲ್ಲಿ ಬೆರಳಿಗೆ ಬೇರೆ ಬೇರೆ ತೂತಿರಲಿಲ್ಲ. ಅಷ್ಟರಮಟ್ಟಿಗೆ ವಾಸಿ ಎನಿಸಿತು.

ಭಾನುವಾರ ಜಯಮ್ಮ ಹಿಟ್ಟು ಕಲಸಿ, ಉಬ್ಬಿದ ಮೇಲೆ ಬನ್ ಮಾಡಿ ಓವನ್ನಿಗಿಟ್ಟರು. ಇಪ್ಪತ್ತು ನಿಮಿಷ ಕಳೆದು ಓವನ್ ಕೂಗಿದಾಗ ಹೊಸ ಗ್ಲೌಸ್ ಹಾಕಿಕೊಂಡು ಬಾಗಿಲು ತೆರೆದರು. ವಸುಂಧರಾ ಪಕ್ಕದಲ್ಲೇ ನಿಂತಿದ್ದಳು. ಹರ್ಷಿಣಿ ತಟ್ಟೆ ತರಲೆಂದು ಆಗಷ್ಟೇ ಆ ಕಡೆ ಹೋಗಿದ್ದಳು. ಜಯಮ್ಮ ಟ್ರೇ ಹೊರಗೆಳೆದು ಕಟ್ಟೆಯ ಕಡೆ ತಿರುಗಿದರು. ಬಲಗೈ ಗ್ಲೌಸಿನ ಹಿಡಿತದಿಂದ ಟ್ರೇಯ ಅಂಚು ಮೆಲ್ಲಗೆ ಜಾರತೊಡಗಿದ್ದು ವಸುಂಧರಾಳಿಗೆ ಕಂಡಿತು. ಅಮ್ಮ ಮಾತ್ರ ಇನ್ನೂ ನಗುತ್ತಲೇ, "ಬಣ್ಣ ನೋಡೇ, ಈ ಸಲ..." ಎನ್ನುತ್ತಿದ್ದರು. ಹಿಡಿತ ತಪ್ಪಿದ್ದು ಕೈಗೆ ತಿಳಿದರಲ್ಲವೇ ಬಿಗಿಹಿಡಿಯುವುದು? ಟ್ರೇ ನೆಲಕ್ಕೆ ಬಿದ್ದ ಸದ್ದಿಗೇ ಅವರಿಗೆ ಗೊತ್ತಾದದ್ದು. ಒಂದು ಬನ್ ಉರುಳಿಕೊಂಡು ಹೋಗಿ ಹರ್ಷಿಣಿಯ ಪಾದದ ಹತ್ತಿರ ನಿಂತಿತು. ಆ ಹುಡುಗಿ ಅರ್ಧ ನಿಮಿಷ ಮುಂಚೆ ಟ್ರೇ ಬಿದ್ದ ಜಾಗದಲ್ಲೇ ಇದ್ದಳು.

ಯಾರಿಗೂ ಏನೂ ಆಗಲಿಲ್ಲ. ಜಯಮ್ಮ ಗ್ಲೌಸ್ ತೆಗೆಯದೆ ಹಾಗೆಯೇ ಕುರ್ಚಿಯ ಮೇಲೆ ಕೂತರು.

"ಇನ್ಮೇಲೆ ಟ್ರೇ ನಾನೇ ತೆಗೀತೀನಿ ಅಮ್ಮ."

"ನೀನು ಬರೋದು ನಾಲ್ಕಕ್ಕೆ. ಮಗು ಬರೋದು ಮೂರಕ್ಕೆ."

"ಒಂದು ಗಂಟೆ ಕಾಯ್ಲಿ."

"ಹಿಟ್ಟು ಕಾಯಲ್ವಲ್ಲೇ," ಎಂದರು ಜಯಮ್ಮ.

ಗಿರಿಧರ್ ಇಬ್ಬರ ಮಾತನ್ನೂ ಕೇಳಿಸಿಕೊಂಡ. ಅತ್ತೆ ಒಳಗೆ ಹೋದ ಮೇಲೆ, "ಇನ್ನು ಐದು ವಾರ ತಾನೆ? ಓವನ್ ಪ್ಲಗ್ ತೆಗೆದಿಡು. ಸೇಫ್ಟಿ ಫಸ್ಟ್," ಎಂದ. ಅವನು ಹೇಳಿದ್ದು ತಪ್ಪಲ್ಲ. ವಸುಂಧರಾ ಸೋಮವಾರ ಬೆಳಿಗ್ಗೆ ಹೊರಡುವ ಮುಂಚೆ ಪ್ಲಗ್ ತೆಗೆದಳು. ಜಯಮ್ಮ ಬಾಗಿಲಲ್ಲಿ ನಿಂತು ನೋಡಿದರು. ಆ ದಿನ ಮಧ್ಯಾಹ್ನ ಹರ್ಷಿಣಿಗೆ ಬೀದಿಯ ಕೊಂಬಿನಿ ಅಂಗಡಿಯಿಂದ ತಂದಿಟ್ಟಿದ್ದ ಬನ್ ಕೊಟ್ಟರಂತೆ. ಅವಳು ಅರ್ಧ ತಿಂದು ಇಟ್ಟಳಂತೆ.

ಮೈಸೂರಿನ ಡಾಕ್ಟರಿಗೂ ವಸುಂಧರಾ ಫೋನ್ ಮಾಡಿದಳು. ಅವರು ಸಮಾಧಾನದಿಂದಲೇ ಮಾತಾಡಿದರು. ಶುಗರ್ ಹತೋಟಿಯಲ್ಲಿಡಿ, ದಿನಾ ಕೈಕಾಲು ನೋಡ್ಕೊಳ್ಳೋಕೆ ಹೇಳಿ, ಹೋಗಿರೋ ಸ್ಪರ್ಶ ವಾಪಸ್ ಬರೋದು ಕಷ್ಟ ಕಣಮ್ಮ, ಎಂದರು. ಅವಳು ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡಳು. ಬರೆದುಕೊಂಡದ್ದರಲ್ಲಿ ತಾನು ಮಾಡಬಹುದಾದದ್ದು ಒಂದೂ ಇರಲಿಲ್ಲ.

ಉಳಿದ ಐದು ವಾರ ಜಯಮ್ಮ ತರಕಾರಿ ಹೆಚ್ಚಲೂ ಮಗಳನ್ನು ಕೇಳಿಯೇ ಕೂತರು. ಕೇಳುವುದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು ಎಂದು ವಸುಂಧರಾಳಿಗೆ ಎಷ್ಟೋ ಸಲ ಅನಿಸಿತು. ವಾರಕ್ಕೊಮ್ಮೆ, ಭಾನುವಾರ, ಅಮ್ಮ ಹಿಟ್ಟು ಕಲಸಿ ಉಂಡೆ ಕಟ್ಟುವರು. ಮಗಳು ಓವನ್ನಿಗಿಟ್ಟು ತೆಗೆಯುವಳು. ಬನ್ ಚೆನ್ನಾಗಿಯೇ ಬರುತ್ತಿದ್ದವು. ಜಯಮ್ಮ ಈಗ ಓವನ್ನಿನ ಗಾಜಿನ ಮುಂದೆ ನಿಲ್ಲುತ್ತಿರಲಿಲ್ಲ, ನಡುಮನೆಯಲ್ಲಿ ಕೂತಿರುತ್ತಿದ್ದರು.

ಜನವರಿಯಲ್ಲಿ ಅವರು ಮೈಸೂರಿಗೆ ಮರಳಿದರು. ಅಲ್ಲಿ ಗ್ಯಾಸ್ ಒಲೆ, ಕುಕ್ಕರು, ಒಗ್ಗರಣೆ ಸೌಟು. ಬ್ಯಾಂಕಿನಲ್ಲಿ ಕೆಲಸ ಮಾಡುವ ವಸುಂಧರಾಳ ತಮ್ಮ ಸುಮಂತ್ ಅಮ್ಮನ ಜೊತೆಯಲ್ಲೇ ಇದ್ದ. ವಸುಂಧರಾ ವಾರಕ್ಕೆ ಮೂರು ಸಲ ಅವನಿಗೆ ಫೋನ್ ಮಾಡುತ್ತಿದ್ದಳು. "ಅಕ್ಕ, ನಾನೇನ್ ಮಾಡ್ಲಿ ಹೇಳು," ಎನ್ನುವನು. "ಅಡುಗೆಯವ್ರನ್ನ ಇಟ್ಟೆ, ನಾಲ್ಕೇ ದಿನಕ್ಕೆ ಅಮ್ಮ ಕಳಿಸಿಬಿಟ್ರು. ಗ್ಲೌಸ್ ಹಾಕ್ಕೊ ಅಂದ್ರೆ, ಅದ್ರಲ್ಲಿ ಇನ್ನೂ ಏನೂ ಗೊತ್ತಾಗಲ್ಲ ಕಣೋ ಅಂತಾರೆ. ನಾನು ಆಫೀಸಿಗೆ ಹೋಗ್ದೆ ಕಾಯ್ತಾ ಕೂರೋಕಾಗತ್ತಾ?"

ಅದಕ್ಕೆ ಅವಳು ಪ್ರತಿ ಶನಿವಾರ ಬೆಳಿಗ್ಗೆ ವೀಡಿಯೋ ಕರೆ ಮಾಡಿ ಅಮ್ಮನ ಕೈ ನೋಡುವ ಪದ್ಧತಿ ಇಟ್ಟುಕೊಂಡಳು. ಮೊದಲೆರಡು ವಾರ ಜಯಮ್ಮ ಎರಡೂ ಕೈ ಅಗಲಿಸಿ ತೋರಿಸಿದರು. ಮೂರನೇ ಶನಿವಾರ ಎಡಗೈ ಮಾತ್ರ ತೋರಿಸಿದರು.

"ಬಲಗೈ ತೋರಿಸಮ್ಮ."

"ಅದ್ರಲ್ಲಿ ಫೋನ್ ಹಿಡ್ಕೊಂಡಿದೀನಲ್ಲೇ."

"ಕೈ ಬದಲಾಯಿಸ್ಕೊ."

"ಆಯ್ತು, ಆಯ್ತು. ಹರ್ಷಿಣಿ ಎದ್ಲಾ? ತಿಂಡಿ ಏನ್ ಮಾಡ್ದೆ?"

"ಉಪ್ಪಿಟ್ಟು," ಎಂದಳು ವಸುಂಧರಾ. ಪರದೆಯ ತುಂಬ ಅಮ್ಮನ ಮುಖವಿತ್ತು, ಹಿಂದೆ ಕುಕ್ಕರ್ ಕೂಗುತ್ತಿತ್ತು. ಬಲಗೈ ತೋರಿಸು ಎಂದು ಅವಳು ಮತ್ತೆ ಎರಡು ಸಲ ಕೇಳಿದಳು. ಜಯಮ್ಮ ಉಪ್ಪಿಟ್ಟಿಗೆ ನಿಂಬೆಹಣ್ಣು ಯಾವಾಗ ಹಿಂಡಬೇಕೆಂದು ಹೇಳುತ್ತಾ ಹೋದರು.