ಜಪ್ತಿಯಾದ ಕೊಪ್ಪರಿಗೆ

ನಾನು ಒಂದು ತಾಮ್ರದ ಕೊಪ್ಪರಿಗೆ. ನನ್ನ ಬಾಯಿ ಎಷ್ಟು ಅಗಲವೆಂದರೆ ಒಳಗಿನ ಅನ್ನ ತಿರುವಲು ಇಬ್ಬರು ಎದುರುಬದುರು ನಿಲ್ಲಬೇಕು. ಎತ್ತಲು ನಾಲ್ಕು ಗಟ್ಟಿ ಆಳು ಬೇಕು. ಅಕ್ಕಿ, ಬೇಳೆ, ಬೆಲ್ಲ, ಉಪ್ಪು, ಉರಿ, ಹೊಗೆ ಇವಿಷ್ಟೇ ನಮ್ಮ ಜಾತಿಯವರಿಗೆ ಗೊತ್ತಿರುವ ಲೋಕ. ಪೊಲೀಸ್ ಠಾಣೆ, ಪಂಚನಾಮೆ, ಕೋರ್ಟು ಇವುಗಳ ಪರಿಚಯ ಕೊಪ್ಪರಿಗೆಗಳಿಗೆ ಆಗುವುದಿಲ್ಲ. ನನಗಾಯಿತು. ಅದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಹೇಳಬೇಕಾದ ಮನುಷ್ಯರು ಬಾಯಿ ಮುಚ್ಚಿಕೊಂಡು ಕೂತಿದ್ದಾರೆ.

ನನ್ನನ್ನು ಮಾಡಿದವನು ಮಾನಪ್ಪ ಎಂಬ ಕಂಚುಗಾರ. ಅವನ ಹೆಂಡತಿ ತಿದಿ ಊದುತ್ತಿದ್ದಳು, ಅವನು ಕೆಂಪಗೆ ಕಾದ ತಗಡನ್ನು ಬಡಿಯುತ್ತಿದ್ದ. ತಳ ಕೂಡಿಸಿ, ಎರಡು ಕಡೆ ಕಿವಿಯಂಥ ಬಳೆಗಳನ್ನು ಜೋಡಿಸಿ, ಒಳಗೆ ಬೆಳ್ಳಗೆ ಕಲಾಯಿ ಹಾಕಿ ನಿಲ್ಲಿಸಿದಾಗ ಮಾನಪ್ಪ ಒಂದು ಮಾತು ಹೇಳಿದ: "ಹೋಗವ್ವಾ, ಮಂದಿ ಹೊಟ್ಟಿ ತುಂಬಸು." ಅದಕ್ಕಿಂತ ದೊಡ್ಡ ಹಾರೈಕೆಯೂ ಇಲ್ಲ, ಅದಕ್ಕಿಂತ ಸರಳ ಕೆಲಸವೂ ಇಲ್ಲ ಎಂದು ನಾನು ನಂಬಿದ್ದೆ.

ಅಲ್ಲಿಂದ ನಾನು ಬಂದದ್ದು ನಾಲ್ಕೂ ದಿಕ್ಕಿಗೆ ರೈಲು ಹೋಗುವ ಒಂದು ಊರಿಗೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರಿಗೆ ಮಾತ್ರ ನಾಚಿಕೆಯಾಗಿ ಉಳಿದವರೆಲ್ಲ ಪಾರಾಗುತ್ತಾರೆ. ಅಲ್ಲಿ ಮದುವೆಗಳಿಗೆ ಪಾತ್ರೆ ಬಾಡಿಗೆ ಕೊಡುವ ರಾಚಪ್ಪನ ಅಂಗಡಿಯಲ್ಲಿ ನನ್ನ ಹರೆಯ ಕಳೆಯಿತು. ಎಲ್ಲ ಓಣಿಯ ಒಲೆಯನ್ನೂ ಏರಿದ್ದೇನೆ. ಲಿಂಗಾಯತರ ಮದುವೆಯ ಗೋಧಿ ಹುಗ್ಗಿ, ಉರುಸಿನ ಪುಲಾವು, ದೊಡ್ಡಿ ಓಣಿಯ ಹುಡುಗಿಯ ಸೀಮಂತದ ಚಿತ್ರಾನ್ನ ಎಲ್ಲವೂ ನನ್ನಲ್ಲೇ ಬೆಂದಿವೆ. ಗುತ್ತಿಗೆದಾರ ಗುರುಪಾದಪ್ಪನ ಮಗಳ ಮದುವೆಗೂ ನಾನೇ. ಅಂದು ಊರಿಗೆ ಊರೇ ಉಂಡಿತ್ತು. ಉಣ್ಣುವವರ ಕಾಗದಪತ್ರ ಯಾರೂ ಕೇಳಿರಲಿಲ್ಲ.

ಹಗುರವಾದ ಅಲ್ಯುಮಿನಿಯಂ ಪಾತ್ರೆಗಳು ಬಂದ ಮೇಲೆ ನನ್ನನ್ನು ಕೇಳುವವರು ಕಡಿಮೆಯಾದರು. ರಾಚಪ್ಪ ಅಂಗಡಿ ಮುಚ್ಚುವಾಗ ನನ್ನನ್ನು ಗುಜರಿಗೆ ಹಾಕಲು ಮನಸ್ಸಾಗದೆ ನಿಂಬೆವ್ವನ ಕೈಗೆ ಒಪ್ಪಿಸಿದ. ನಿಂಬೆವ್ವ ಸ್ಟೇಷನ್ ಎದುರು ಖಾನಾವಳಿ ನಡೆಸುವವಳು. ರೊಟ್ಟಿ ಬಡಿದು ಬಡಿದು ಅವಳ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಮಾತು ಒರಟು. ಆದರೆ ಹಸಿದು ಬಂದವನನ್ನು ನಿಲ್ಲಿಸಿಕೊಂಡು ಮಾತಾಡಿಸಿದ್ದನ್ನು ನಾನು ಕಾಣೆ. ಮೊದಲು ತಾಟು ಇಡುತ್ತಿದ್ದಳು, ಆಮೇಲೆ ಮಾತು.

ಊರಾಚೆ ಗುಜರಿ ಗೋದಾಮಿನ ಹಿಂದೆ ಕೆಲವು ಕುಟುಂಬಗಳು ಜೋಪಡಿ ಹಾಕಿಕೊಂಡಿದ್ದವು. ಬರ್ಮಾ ದೇಶದವರು. ಸೈನಿಕರು ಬಂದು ಮನೆಗಳಿಗೆ ಬೆಂಕಿ ಇಟ್ಟಾಗ ಹೊಳೆ ದಾಟಿ, ಗಡಿ ದಾಟಿ ಓಡಿಬಂದವರು. ಊರಿನ ಕಸದಿಂದ ಪ್ಲಾಸ್ಟಿಕ್, ರಟ್ಟು, ಕಬ್ಬಿಣ ಬೇರೆ ಮಾಡಿ ಬದುಕುತ್ತಿದ್ದರು. ನಿರಾಶ್ರಿತರೆಂದು ವಿಶ್ವಸಂಸ್ಥೆ ಕೊಟ್ಟ ಕಾರ್ಡನ್ನು ದೇವರ ಪಟದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಗುರುಪಾದಪ್ಪ ತನ್ನ ಗಟಾರದ ಕಾಮಗಾರಿಗೆ ಅವರನ್ನೇ ಕರೆದೊಯ್ಯುತ್ತಿದ್ದ. ಕೂಲಿ ಅರ್ಧ ಕೊಟ್ಟರೂ ತಕರಾರು ಮಾಡದ ಆಳುಗಳು ಮತ್ತೆಲ್ಲಿ ಸಿಗುತ್ತಾರೆ? ಆಗ ಅವರು ಯಾವ ದೇಶದವರೆಂಬ ಚಿಂತೆ ಅವನಿಗಿರಲಿಲ್ಲ.

ಆ ಗೋದಾಮಿನ ಪಕ್ಕದ ಹೊಲ ಅವನ ಕೈಗೆ ಬಂತು. ಅಲ್ಲಿ ನಿವೇಶನ ಮಾಡುವ ಯೋಜನೆಯಾಯಿತು. ಆಗ ಚಿಂತೆ ಶುರುವಾಯಿತು. ಊರಿನ ಗೋಡೆಗಳ ಮೇಲೆ "ನುಸುಳುಕೋರರೇ ತೊಲಗಿ" ಎಂಬ ಬರಹ ಬಂತು. ಒಂದು ಬೆಳಿಗ್ಗೆ ಜೆಸಿಬಿ ಬಂತು. ನೋಟೀಸಿಲ್ಲ, ಮಾತಿಲ್ಲ. ಮಧ್ಯಾಹ್ನದ ಹೊತ್ತಿಗೆ ಜೋಪಡಿಗಳಿದ್ದ ಜಾಗ ಅಂಗೈಯಂತೆ ಸಪಾಟಾಗಿತ್ತು. ಜನ ಹೆದ್ದಾರಿ ಪಕ್ಕದಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತರು. ಅಂಗಡಿಯವರು ಅವರಿಗೆ ಹಾಲು ಮಾರಲು ಕೂಡ ಹೆದರಿದರು.

ಸಂತೆಯಿಂದ ಬರುತ್ತಿದ್ದ ನಿಂಬೆವ್ವ ಅದನ್ನು ಕಂಡಳು. ಖಾನಾವಳಿಗೆ ಬಂದವಳೇ ಕೈಚೀಲ ಕೆಳಗಿಟ್ಟು, ಅಡುಗೆಯವಳಾದ ಕಸ್ತೂರಿಗೆ ಹೇಳಿದಳು: "ಕೊಪ್ಪರಗಿ ತೊಳಿ."

"ಯಾಕಬೇ? ಯಾರ ಮದಿವಿ?"

"ಮದಿವಿ ಅಲ್ಲ. ಹಾದ್ಯಾಗ ಮಂದಿ ಉಪಾಸ ಕುಂತಾರ."

"ಅವರು ನಮ್ಮವರಲ್ಲ ಅಂತಾರಲ್ಲಬೇ?"

ನಿಂಬೆವ್ವ ಅಕ್ಕಿಯ ಚೀಲ ಬಿಚ್ಚಿದಳು. ಆಮೇಲೆ ಅಂದಳು: "ನಾವು ಗೋವಾದಾಗ ಇದ್ದಾಗ ನಮಗೂ ಹಂಗಽ ಅಂತಿದ್ರು. ನಮ್ಮಪ್ಪ ಬಂದರಿನ್ಯಾಗ ಹಮಾಲಿ. ಸಮುದ್ರದ ದಂಡಿಗೆ ಗುಡಸಲಾ. ಘಟ್ಟದ ಮ್ಯಾಲಿಂದ ಬಂದಾವ್ರು, ಘಾಟಿ ಮಂದಿ ಅಂತ ಬೈದು ಒಂದ ದಿನಾ ಬುಲ್ಡೋಜರ್ ಹಚ್ಚಿದ್ರು. ಮಳಿ. ಯಾರೂ ಒಂದ ತುತ್ತು ಕೊಡಲಿಲ್ಲ. ನಮ್ಮ ತಮ್ಮ ಜ್ವರಾ ಬಂದು ಸತ್ತ. ನಾವು ಯಾವ ದೇಶದಾವ್ರು, ಹೇಳು? ವಿಜಾಪುರದಾವ್ರು."

ಕಸ್ತೂರಿ ಹುಣಸೆಹಣ್ಣು ತಂದು ನನ್ನನ್ನು ತಿಕ್ಕಿದಳು. ಬಹಳ ಕಾಲದ ಮೇಲೆ ನಾನು ಮತ್ತೆ ಹೊಳೆದೆ.

ನನ್ನನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಹೋಗಿ ಹೆದ್ದಾರಿಯ ಪಕ್ಕ ಮೂರು ದಿಂಡುಗಲ್ಲುಗಳ ಮೇಲೆ ಕೂಡಿಸಿದರು. ಅಲ್ಲಿ ನಾನು ಹಮೀದುಲ್ಲಾ ಮತ್ತು ಸೆನುವಾರಾ ಎಂಬ ಗಂಡಹೆಂಡಿರನ್ನು ಕಂಡೆ. ಸೆನುವಾರಾ ತುಂಬು ಬಸುರಿ. ಕೂತಲ್ಲೇ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಹಮೀದುಲ್ಲಾ ಸಣಕಲು ಮನುಷ್ಯ; ಆದರೂ ನನ್ನ ಬಳೆಗೆ ಕೈ ಹಾಕಿ ಎತ್ತಲು ಎಲ್ಲರಿಗಿಂತ ಮೊದಲು ಬರುತ್ತಿದ್ದ. ಊರಿನ ಗಟಾರದಲ್ಲಿ ದುಡಿದು ಕನ್ನಡ ಕಲಿತಿದ್ದ. ಬೇಳೆ ಅನ್ನ ಬೆಂದಿತು. ಮಕ್ಕಳು ಊದಿ ಆರಿಸಿಕೊಳ್ಳದೆ, ಬಾಯಿ ಸುಟ್ಟುಕೊಂಡು ತಿಂದವು. ಮರುದಿನವೂ ಬೇಯಿಸಿದೆವು, ಅದರ ಮರುದಿನವೂ. ಕೆಲವು ಕಾಲೇಜು ಮಾಸ್ತರರು ಅಕ್ಕಿ ತಂದುಕೊಟ್ಟರು. ಚರ್ಚಿನ ಸಿಸ್ಟರುಗಳು ಔಷಧ ತಂದರು. ಹಂಚಿನಮನಿ ಎಂಬ ವಕೀಲೆ ಸ್ಕೂಟರಿನಲ್ಲಿ ಬಂದು ಪ್ರತಿಯೊಬ್ಬರ ಕಾರ್ಡಿನ ಫೋಟೊ ತೆಗೆದುಕೊಂಡಳು.

"ಇವರು ಕಳ್ಳತನದಿಂದ ಬಂದವರಲ್ಲ, ಜೀವ ಉಳಿಸಿಕೊಳ್ಳಾಕ ಬಂದವರು. ಅದನ್ನ ಕೋರ್ಟಿಗೆ ಹೇಳೋಣು," ಅಂದಳು.

ಅನ್ನ ಕೊಡುವವರು ನಾಲ್ಕು ಜನ ಸೇರಿದರೆ ಸಹಿಸದವರು ನಲವತ್ತು ಜನ ಸೇರುತ್ತಾರೆ. ಗುರುಪಾದಪ್ಪನ ಕಡೆಯವರು ದೂರು ಕೊಟ್ಟರು. ಒಂದು ಮಧ್ಯಾಹ್ನ ಅನ್ನ ಅರ್ಧ ಬೆಂದಿರುವಾಗ ಪೊಲೀಸ್ ಜೀಪು ಬಂತು.

ಇನ್‌ಸ್ಪೆಕ್ಟರ್ ಇಳಿದು ಕೇಳಿದ: "ಯಾರ ಪರ್ಮಿಶನ್ ತಗೊಂಡು ಇಲ್ಲಿ ಒಲಿ ಹೂಡೀರಿ?"

"ಹಸಿವಿಗೆ ಯಾರ ಪರ್ಮಿಶನ್ ಬೇಕ್ರಿ ಸಾಹೇಬ್ರ?" ಅಂದಳು ನಿಂಬೆವ್ವ.

"ಶಾಣ್ಯಾ ಮಾತು ಬ್ಯಾಡ. ಪರದೇಶದವರಿಗೆ ಆಸರಾ ಕೊಡೋದು ಗುನ್ನೇ ಐತಿ."

"ಆಸರಾ ಎಲ್ಲೈತ್ರಿ? ಮ್ಯಾಲ ಮುಗಿಲು, ಕೆಳಗ ಹಾದಿ. ಇರೋದನ್ನೂ ನೀವು ಕೆಡವಿ ಹೋದ್ರಿ. ನಾ ಕೊಟ್ಟಿದ್ದು ಅನ್ನ ಅಷ್ಟ."

ಇನ್‌ಸ್ಪೆಕ್ಟರ್ ಕೈಸನ್ನೆ ಮಾಡಿದ. ಪೇದೆಗಳು ನನ್ನ ಬಳೆಗಳಿಗೆ ಬಡಿಗೆ ತೂರಿಸಿದರು. ಆಗ ಹಮೀದುಲ್ಲಾ ಓಡಿಬಂದು ನನ್ನ ಅಂಚು ಹಿಡಿದುಕೊಂಡ. ಬಿಸಿಗೆ ಅವನ ಅಂಗೈ ಚುರ್ರೆಂದದ್ದು ನನಗೆ ಗೊತ್ತಾಯಿತು. ಆದರೂ ಬಿಡಲಿಲ್ಲ.

"ಸಾಹೇಬ್ರ, ಮಕ್ಕಳು ತಿನ್ಲಿ. ಆಮ್ಯಾಲ ಒಯ್ರಿ. ನನ್ನನ್ನೂ ಒಯ್ರಿ. ಮೊದಲ ಮಕ್ಕಳು ತಿನ್ಲಿ."

ಅಷ್ಟೇ ಅವನು ಹೇಳಿದ್ದು. ಅವನನ್ನು ಎಳೆದು ಜೀಪಿಗೆ ತುಂಬಿದರು. ಸೆನುವಾರಾ ಎದ್ದು ನಿಲ್ಲಲಾಗದೆ ಮಣ್ಣಿನಲ್ಲಿ ಮೊಣಕಾಲೂರಿ ಕಾರ್ಡನ್ನು ಎತ್ತಿ ಹಿಡಿದಳು, ಯಾರೂ ನೋಡಲಿಲ್ಲ. ನನ್ನನ್ನು ವಾಲಿಸಿ, ಕುದಿಯುತ್ತಿದ್ದ ಅನ್ನವನ್ನು ಗಟಾರಕ್ಕೆ ಸುರಿದರು. ಮಕ್ಕಳು ತಾಟು ಹಿಡಿದು ನಿಂತೇ ಇದ್ದವು. ಇಷ್ಟು ವರ್ಷ ಬದುಕಿದ್ದೇನೆ, ಉರಿಯಲ್ಲಿ ಎಷ್ಟೋ ಸಲ ತಳ ಸುಟ್ಟುಕೊಂಡಿದ್ದೇನೆ. ಆ ದಿನ ಸುಟ್ಟಷ್ಟು ಎಂದೂ ಸುಟ್ಟಿಲ್ಲ. ಅನ್ನವನ್ನು ಪರಬ್ರಹ್ಮ ಎನ್ನುವವರೇ ಅದನ್ನು ಗಟಾರಕ್ಕೆ ಸುರಿದರು. ನೋಡುತ್ತ ನಿಂತವರಲ್ಲಿ ನನ್ನ ಹುಗ್ಗಿ ಉಂಡು ತೇಗಿದವರು ಎಷ್ಟು ಜನ!

ಠಾಣೆಯ ಅಂಗಳದಲ್ಲಿ, ಅಪಘಾತದಲ್ಲಿ ನಜ್ಜುಗುಜ್ಜಾದ ಬೈಕುಗಳ ನಡುವೆ ನನ್ನನ್ನು ಇಳಿಸಿದರು. ಪೇದೆಯೊಬ್ಬ ಬರೆಯುತ್ತ ಗಟ್ಟಿಯಾಗಿ ಓದಿದ: "ತಾಮ್ರದ ದೊಡ್ಡ ಪಾತ್ರೆ ಒಂದು. ಕೃತ್ಯಕ್ಕೆ ಬಳಸಿದ್ದು." ಕೃತ್ಯ! ಕೊಲೆಗೆ ಬಳಸಿದ ಕೊಡಲಿಗೂ ಅದೇ ಮಾತು, ಅನ್ನ ಮಾಡಿದ ನನಗೂ ಅದೇ ಮಾತು. ಕೆಲವು ದಿನ ಒಳಗಿನ ಕೋಣೆಯಿಂದ ಹಮೀದುಲ್ಲಾನ ಕೆಮ್ಮು ಕೇಳುತ್ತಿತ್ತು. ಆಮೇಲೆ ಅವನನ್ನು ಒಂದು ವ್ಯಾನಿಗೆ ಹತ್ತಿಸಿದರು. ಪರದೇಶದವರನ್ನು ಕೂಡಿಹಾಕುವ ಜಾಗ ಬೇರೆ ಜಿಲ್ಲೆಯಲ್ಲಿ ಇತ್ತಂತೆ. ನನ್ನ ಪಕ್ಕದಿಂದಲೇ ಹಾದುಹೋದ. ಅವನ ಕೈಗೆ ಬಟ್ಟೆ ಸುತ್ತಿತ್ತು.

ಮಳೆ ಬಂತು. ನನ್ನೊಳಗೆ ನೀರು ನಿಂತಿತು, ಬೇವಿನ ಎಲೆ ಬಿದ್ದು ಕೊಳೆಯಿತು, ಸೊಳ್ಳೆ ಮೊಟ್ಟೆಯಿಟ್ಟಿತು. ಕಲಾಯಿ ಕಿತ್ತುಹೋಯಿತು. ಕಲಾಯಿ ಹೋದ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಹಸಿರು ವಿಷ ನನ್ನ ಹೊಟ್ಟೆಯನ್ನು ತಿನ್ನತೊಡಗಿತು.

ಅತ್ತ ನಡೆದದ್ದು ಆಮೇಲೆ ಕಸ್ತೂರಿಯ ಬಾಯಿಂದ ನನಗೆ ಗೊತ್ತಾಯಿತು. ನಿಂಬೆವ್ವನ ಖಾನಾವಳಿಯ ಬಾಗಿಲ ಮೇಲೆ ಯಾರೋ ಕರಿ ಬಣ್ಣದಲ್ಲಿ "ದೇಶದ್ರೋಹಿ ಖಾನಾವಳಿ" ಎಂದು ಬರೆದು ಹೋಗಿದ್ದರು. ಕಸ್ತೂರಿ ಸೀಮೆಎಣ್ಣೆ ತಂದು ಒರೆಸಹೋದಳು. ನಿಂಬೆವ್ವ ಬಿಡಲಿಲ್ಲ. "ಇರ್ಲಿ ಬಿಡು. ಅದರ ಕೆಳಗ ಬರಿ: ಬಿಸಿ ರೊಟ್ಟಿ, ಎಣಗಾಯಿ ಪಲ್ಲೆ ಸಿಗತದ." ಗಿರಾಕಿಗಳು ಕಡಿಮೆಯಾದರು. ಉಳಿದ ಕುಟುಂಬಗಳು ಒಂದೊಂದಾಗಿ ರೈಲು ಹತ್ತಿ ಎತ್ತೆತ್ತಲೋ ಹೋದವು. ಗಂಡನನ್ನು ಬಿಟ್ಟು ಹೋಗಲಾಗದ ಸೆನುವಾರಾ ಮಾತ್ರ ಖಾನಾವಳಿಯ ಹಿಂದಿನ ಕೋಣೆಯಲ್ಲಿ ಉಳಿದಳು. ನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ದರೆ, ಬಾಗಿಲಲ್ಲೇ ಆಧಾರ್ ಕಾರ್ಡು ಕೇಳಿದರಂತೆ. ಸಿಸ್ಟರುಗಳ ಸಣ್ಣ ದವಾಖಾನೆಯಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ ರೋಶನಾರಾ ಎಂದು ಹೆಸರಿಟ್ಟಳು. ನಿಂಬೆವ್ವನ ಬಾಯಲ್ಲಿ ಅದು ರೋಸವ್ವ ಆಯಿತು.

ಹಂಚಿನಮನಿ ವಕೀಲೆ ಎರಡು ಅರ್ಜಿ ಹಾಕಿದ್ದಳು. ಒಂದು ಹಮೀದುಲ್ಲಾನನ್ನು ಬಿಡಿಸಲು, ಇನ್ನೊಂದು ನನ್ನನ್ನು ಬಿಡಿಸಲು. ಅವನ ಅರ್ಜಿ ವಜಾ ಆಯಿತು. ನನ್ನದು ಗೆದ್ದಿತು! ಪಾತ್ರೆಯನ್ನು ಬಯಲಿನಲ್ಲಿ ಮಳೆಬಿಸಿಲಿಗೆ ಬಿಟ್ಟರೆ ಕೆಟ್ಟುಹೋಗುತ್ತದೆ, ಅದನ್ನು ಇಟ್ಟುಕೊಂಡು ತನಿಖೆಗೆ ಪ್ರಯೋಜನವೂ ಇಲ್ಲ, ಆದ್ದರಿಂದ ಒಡತಿಗೆ ಮರಳಿಸಿ ಎಂದು ಕೋರ್ಟು ಹೇಳಿತು. ನಿಂಬೆವ್ವ ಮುಚ್ಚಳಿಕೆ ಬರೆದುಕೊಟ್ಟು ನನ್ನನ್ನು ಟಂಟಂಗೆ ಹೇರಿಸಿದಳು. ಖಾನಾವಳಿ ಮುಟ್ಟಿದ ಮೇಲೆ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತ ಸೆನುವಾರಾ ನನ್ನನ್ನು ನೋಡಿದಳು, ಗಾಡಿಯ ಹಿಂದೆ ನೋಡಿದಳು. ಮತ್ತೆ ಯಾರೂ ಇಳಿಯಲಿಲ್ಲ.

"ಯವ್ವಾ, ಬರ್ತನ ಬಂತು," ಅಂದಳು. "ಆದ್ಮಿ?"

ನಿಂಬೆವ್ವ ಎದೆ ಬಡಿದುಕೊಂಡು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ವಕೀಲೆ ಪಕ್ಕದಲ್ಲೇ ನಿಂತಿದ್ದಳು. ನಿಂಬೆವ್ವ ಅವಳ ಮೇಲೆಯೇ ಹರಿಹಾಯ್ದಳು: "ಕೊಪ್ಪರಗಿ ಮಳಿಯಾಗ ಇಟ್ರ ಕೆಡತೈತಿ ಅಂತ ಬರದಾರಲ್ರಿ ಆ ಸಾಹೇಬ್ರು, ಮನಷ್ಯಾ ಕೆಡೂದಿಲ್ಲೇನು? ಕೇಳ್ರಿ ಹೋಗಿ!"

ವಕೀಲೆ ತಲೆಯೆತ್ತಿ ಅವಳನ್ನೇ ನೋಡಿದಳು. "ಕೇಳ್ತೀನಿ ಅಕ್ಕಾರ," ಅಂದಳು.

ಹೈಕೋರ್ಟಿನಲ್ಲಿ ನಡೆದದ್ದನ್ನು ನಾನು ಕಾಣಲಿಲ್ಲ. ನಿಂಬೆವ್ವ ಬಂದು ಕಸ್ತೂರಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. ವಕೀಲೆ ನನ್ನನ್ನು ಬಿಡಿಸಿದ ಆದೇಶವನ್ನೇ ಎತ್ತಿ ಓದಿದಳಂತೆ. ಒಂದೇ ದಿನ, ಒಂದೇ ಜಾಗದಿಂದ ಒಂದು ಪಾತ್ರೆಯನ್ನೂ ಒಬ್ಬ ಮನುಷ್ಯನನ್ನೂ ಹಿಡಿದರು. ಪಾತ್ರೆ ಕೆಡುತ್ತದೆಂದು ಬಿಟ್ಟರು, ಮನುಷ್ಯನನ್ನು ಇಟ್ಟುಕೊಂಡರು. ಅವನು ಹಸಿದ ಮಕ್ಕಳ ಪರವಾಗಿ ಬೇಡಿಕೊಂಡದ್ದರ ಹೊರತು ಬೇರೇನು ಮಾಡಿದ್ದಾನೆ ಎಂದು ಕೇಳಿದಳಂತೆ. ಕೆಲವರು ನಕ್ಕರಂತೆ. ನ್ಯಾಯಮೂರ್ತಿಗಳು ನಗಲಿಲ್ಲವಂತೆ. ಅವನನ್ನು ಗಡಿಯಾಚೆ ದಬ್ಬಬಾರದು, ನಿಂಬೆವ್ವನ ಜಾಮೀನಿನ ಮೇಲೆ ಬಿಡಬೇಕು, ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕಬೇಕು ಎಂದು ಹೇಳಿದರು.

ಹಮೀದುಲ್ಲಾ ಬಂದ ದಿನ ರೋಸವ್ವ ಆಗಲೇ ಗೋಡೆ ಹಿಡಿದು ನಡೆಯುತ್ತಿದ್ದಳು. ಹಲ್ಲು ಉದುರಿ, ಗಡ್ಡ ಬೆಳ್ಳಗಾಗಿ ಬಂದ ಆ ಮನುಷ್ಯನನ್ನು ಕಂಡು ಕಿರುಚಿ ನಿಂಬೆವ್ವನ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. ಅವನು ಒತ್ತಾಯಿಸಲಿಲ್ಲ. ದೂರದಲ್ಲಿ ಕೂತು ರೊಟ್ಟಿ ಮುರಿದು ಒಂದು ಚೂರನ್ನು ಅವಳ ಕಡೆ ಚಾಚಿ ಹಿಡಿದ. ಸಂಜೆಯ ಹೊತ್ತಿಗೆ ಅವಳು ಬಂದು ಆ ಚೂರು ಕಸಿದುಕೊಂಡು ಓಡಿದಳು. ಸೆನುವಾರಾ ನಕ್ಕಳು, ಹಾಗೇ ಅತ್ತಳು.

ಮರುದಿನ ಅವನು ಹುಣಸೆಹಣ್ಣು, ಉಪ್ಪು ಹಾಕಿ ನನ್ನನ್ನು ತಿಕ್ಕಿದ. ಕಿಲುಬು ಬಿಟ್ಟಿತು. ಜೊತೆಗೆ ತಳದಲ್ಲಿ ಒಂದು ತೂತು ಕಂಡಿತು. ಬೆಸುಗೆ ಹಾಕುವವನು ಬಂದು ನೋಡಿ, ತಗಡು ಪೂರಾ ಸವೆದಿದೆ, ಉರಿ ತಾಳುವುದಿಲ್ಲ ಎಂದ. ಹೀಗೆ ನನ್ನ ಒಲೆಯ ಕಾಲ ಮುಗಿಯಿತು. ಈಗ ಖಾನಾವಳಿಯ ಹಿತ್ತಲಲ್ಲಿ ಬೋರಲಾಗಿ ಕೂತಿದ್ದೇನೆ. ನನ್ನ ಬೆನ್ನ ಮೇಲೆ ಸಂಡಿಗೆ ಒಣಗುತ್ತದೆ.

ವಾರಕ್ಕೊಮ್ಮೆ ಹಮೀದುಲ್ಲಾ ಅಂಗಿ ಇಸ್ತ್ರಿ ಮಾಡಿಸಿಕೊಂಡು ಠಾಣೆಗೆ ಹೋಗುತ್ತಾನೆ. ಅವನು ತಿರುಗಿ ಬರುವ ತನಕ ಸೆನುವಾರಾ ಊಟ ಮಾಡುವುದಿಲ್ಲ. ಎತ್ತೆತ್ತಲೋ ಹೋದ ಉಳಿದವರ ಸುದ್ದಿ ಇಲ್ಲ. ಗೋದಾಮಿನ ಪಕ್ಕದ ಹೊಲದಲ್ಲಿ ನಿವೇಶನದ ಕಲ್ಲು ನೆಟ್ಟಿದ್ದಾರೆ. ಅಲ್ಲಿಯ ಗಟಾರಗಳನ್ನು ಮತ್ಯಾವುದೋ ದೂರದ ಊರಿನವರು ಅಗೆಯುತ್ತಿದ್ದಾರಂತೆ. ಅವರಿಗೂ ಅರ್ಧ ಕೂಲಿಯೇ ಇರಬೇಕು. ಗಟಾರಕ್ಕೆ ಸುರಿದ ಅನ್ನಕ್ಕೆ ಯಾರೂ ತಪ್ಪಾಯಿತೆನ್ನಲಿಲ್ಲ. ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ಹೊಟ್ಟೆಯಲ್ಲಿ ತೂತು ಬಿದ್ದಿರುವ ನನ್ನಲ್ಲಿ ಈಗ ಒಂದು ಹನಿ ನೀರೂ ನಿಲ್ಲುವುದಿಲ್ಲ. ಆದರೆ ಸಿಟ್ಟು, ಅದು ಮಾತ್ರ ಇನ್ನೂ ಸೋರಿಹೋಗಿಲ್ಲ.